ಎಡಬದಿಯ ಅಂಚು

ಮುಂದಿನ ಸೀಟಿನವನ ಕುತ್ತಿಗೆಯ ಮೇಲೆ ಅಡ್ಡಗೆರೆಗಳು, ಅಡ್ಡಗೆರೆಗಳ ಮೇಲೆ ಓರೆಗೆರೆಗಳು, ಗೆರೆ ಒತ್ತೊತ್ತಾಗಿ ಬಂದ ಕಡೆ ನೆರಳು, ಸಡಿಲಾದ ಕಡೆ ಬೆಳಕು, ಹಳೇ ಅಚ್ಚುಚಿತ್ರಗಳಿಗೆ ತಾಮ್ರದ ತಗಡಿನ ಮೇಲೂ ಹೀಗೇ ಕೊರೆಯುತ್ತಿದ್ದರಲ್ಲ, ಬಣ್ಣದ ಹಂಗಿಲ್ಲ, ಬರೀ ಗೆರೆ, ಇನ್ನೂರು ವರ್ಷದ ಹಿಂದೆ ಯಾವನೋ ಒಬ್ಬ ಕಿಟಕಿಯ ಬಳಿ ಬೆನ್ನು ಬಗ್ಗಿಸಿ ಕೂತು ಕೊರೆದ ಗೆರೆ, ಈ ಕುತ್ತಿಗೆಯನ್ನು ಕೊರೆದವನಿಗೆ ಸ್ವಲ್ಪ ಅವಸರವಿತ್ತು, ಕಿವಿಯ ಹಿಂದೆ ಕೈ ತಪ್ಪಿದೆ — ಬಸ್ಸು ತಿರುವಿನಲ್ಲಿ ವಾಲಿತು, ಹಿಂದಿನ ಸೀಟಿನಲ್ಲಿ ಅವನು ತೊಡೆಯ ಮೇಲಿನ ಗಂಟನ್ನು ಎರಡೂ ಕೈಯಿಂದ ಅವುಚಿಕೊಂಡ. ಗಾಜಿದೆ ಮಾಮ, ಜೋಪಾನ, ಎಂದು ಹೇಳಿ ಕಳಿಸಿದ್ದಳು ಗೆಳೆಯ ಹಲ್ಲಪ್ಪನ ಮಗಳು. ಜೋಪಾನವಂತೆ, ಜೀವಮಾನವೆಲ್ಲ ಕನ್ನಡಕದಂಗಡಿ ಇಟ್ಟುಕೊಂಡು ಗಾಜಿನ ಜೊತೆಗೇ ಸಂಸಾರ ಮಾಡಿದವನಿಗೆ, ಇವಳ ಮೂಗಿನ ಮೇಲೆ ಮೊದಲ ಕನ್ನಡಕ ಕೂರಿಸಿದವನಿಗೆ. ಅಂಗಡಿಯ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಅಪ್ಪನ ಹಾಗೇ ಆಗಿಬಿಟ್ಟೆ ಎಂದು ಅತ್ತಿದ್ದಳು ಆವತ್ತು, ಈಗ ಅವಳ ತಲೆಯಲ್ಲೂ ಬಿಳಿಕೂದಲು. ಕಂಡಕ್ಟರು ಬಂದು, ಏನಜ್ಜಾ ಇದು, ಟೀವಿನಾ, ಅಂದ, ಚಿತ್ರ ಅಂದ ಇವನು, ಯಾರ ಚಿತ್ರ, ಯಾರದೂ ಅಲ್ಲ, ಒಂದು ನದಿ, ಕಂಡಕ್ಟರು ಗಂಟನ್ನೂ ಇವನನ್ನೂ ಒಂದು ಸಲ ನೋಡಿ, ನದಿಗೆ ಟಿಕೆಟ್ ಇಲ್ಲ ಬಿಡಿ, ಅಂದು ಮುಂದೆ ಹೋದ. ನಗು ಬಂತು. ಇದನ್ನು ಹಲ್ಲಪ್ಪನಿಗೆ ಹೇಳಬೇಕು, ಭಾನುವಾರ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಎಂದುಕೊಂಡದ್ದು ಅರ್ಧಕ್ಕೇ ನಿಂತಿತು, ಹಲ್ಲಪ್ಪ ಎಲ್ಲಿದ್ದಾನೆ, ಹೋದ ತಿಂಗಳು ಹೋದ. ಒಂದು ತಮಾಷೆ ಕೈಯಲ್ಲಿ ಉಳಿದುಬಿಟ್ಟಿದೆ, ಇಳಿಸಲು ಜಾಗವಿಲ್ಲ. ಮುಂದಿನ ಸೀಟಿನವನು ಕುತ್ತಿಗೆ ಕೆರೆದುಕೊಂಡ.

ಗಂಟಿನಲ್ಲಿರುವುದು ಅರ್ಧ ನದಿ, ಬಲಗಡೆಯ ಅರ್ಧ. ಎಡಗಡೆಯ ಅರ್ಧ ಅವನ ಮನೆಯಲ್ಲೇ ಇದೆ, ಮೇಜಿನ ಕೆಳಗಿನ ಅಗಲ ಡ್ರಾಯರಿನಲ್ಲಿ, ಎರಡು ತೆಳುಕಾಗದದ ನಡುವೆ. ಒಂದು ತಗಡಿನಲ್ಲಿ ಹಿಡಿಸದಷ್ಟು ಉದ್ದದ ನೋಟವಾದರೆ ಆ ಕಾಲದವರು ಎರಡು ತಗಡಿನಲ್ಲಿ ಕೊರೆದು ಎರಡು ಹಾಳೆಯಲ್ಲಿ ಅಚ್ಚು ಹಾಕುತ್ತಿದ್ದರು, ಕೊಂಡವರು ಪಕ್ಕಪಕ್ಕ ಇಟ್ಟು ನೋಡಿಕೊಳ್ಳಲಿ ಅಂತ, ಆಮೇಲೆ ಮನೆ ಪಾಲಾಗುತ್ತದೆ, ಅಣ್ಣತಮ್ಮಂದಿರು ನಿನಗೊಂದು ಹಾಳೆ ನನಗೊಂದು ಹಾಳೆ ಅನ್ನುತ್ತಾರೆ, ನದಿ ಎರಡಾಗುತ್ತದೆ. ಅವನ ಹಾಳೆಯಲ್ಲಿ ದಡವಿದೆ, ಕಲ್ಲಿನ ಮೆಟ್ಟಿಲು, ಮೂಟೆ ಹೊತ್ತವರು, ಯಾತಕ್ಕೋ ಜಗಳಾಡುವ ಇಬ್ಬರು, ಜಗಳ ನೋಡುತ್ತ ಕೂತ ನಾಯಿ, ಮತ್ತೆ ಕಟ್ಟೆಯ ತುತ್ತತುದಿಯಲ್ಲಿ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು, ನೀರಿನ ಕಡೆ ಬಾಗಿದ್ದಾಳೆ, ಬಲಗೈ ಚಾಚಿದ್ದಾಳೆ, ಚಾಚಿದ ಬೆರಳಿನ ತುದಿಗೆ ಸರಿಯಾಗಿ ಚಿತ್ರ ಮುಗಿಯುತ್ತದೆ. ಯಾರಿಗೆ ಚಾಚಿದ್ದಾಳೆ? ಅದು ಇನ್ನೊಂದು ಹಾಳೆಯಲ್ಲಿದೆ. ಇದರ ಜೋಡಿ ಹೋದ ತಿಂಗಳಷ್ಟೇ ಹೋಯ್ತಲ್ಲ ಸ್ವಾಮಿ, ಹಲ್ಲಿನ ಡಾಕ್ಟರು ತಗೊಂಡು ಹೋದ್ರು, ಅಂದಿದ್ದ ಹಳೇ ಕಾಗದದ ವ್ಯಾಪಾರಿ, ಮೂವತ್ತು ವರ್ಷದ ಹಿಂದೆ, ಕಟ್ಟಿನಿಂದ ಆ ಹಾಳೆ ಎಳೆದು ಕೊಡುತ್ತಾ. ಮಾರನೇ ದಿನವೇ ಅವನು ನೋವಿಲ್ಲದ ಹಲ್ಲಿಗೆ ನೋವು ತಂದುಕೊಂಡು ಕೆನ್ನೆ ಹಿಡಿದು ಕ್ಲಿನಿಕ್ಕಿಗೆ ಹೋದ. ಕುರ್ಚಿಯಲ್ಲಿ ಒರಗಿಸಿ, ದೀಪ ಹಾಕಿ, ಬಾಯಿ ಅಗಲಿಸಿ, ಎಲ್ಲಿ ನೋವು ಅಂತ ಡಾಕ್ಟರು ಕೇಳುತ್ತಿದ್ದರೆ ಇವನ ಕಣ್ಣೆಲ್ಲ ಗೋಡೆಯ ಮೇಲೆ — ಕೈ ತೊಳೆಯುವ ಬೇಸಿನ್ನಿನ ಮೇಲುಗಡೆ, ಹೊಸ ಚೌಕಟ್ಟಿನಲ್ಲಿ, ಅದೇ ನದಿ, ಆಚೆ ದಡ, ಹಾಯಿ ಇಳಿಸಿದ ದೋಣಿಗಳು, ಎಡಗಡೆ ಕೊನೆಯಲ್ಲಿ ಒಂದು ಚಿಕ್ಕ ದೋಣಿಯ ಹಿಂಭಾಗ, ಹುಟ್ಟು ಹಾಕುವವನ ಬೆನ್ನು, ಅಷ್ಟೇ, ದೋಣಿಯ ಮುಂಭಾಗ ಮೌಂಟಿನ ಕೆಳಗೆ ನುಗ್ಗಿಬಿಟ್ಟಿದೆ. ಮೌಂಟು, ಅಂದರೆ ಗಾಜಿಗೂ ಚಿತ್ರಕ್ಕೂ ನಡುವೆ ಕೂರಿಸುವ ರಟ್ಟಿನ ಅಂಚು, ಚಿತ್ರದ ಸುತ್ತ ಬೆರಳಷ್ಟು ಜಾಗ ಬಿಟ್ಟು ಕೂರಿಸುವುದು ಕ್ರಮ, ಇಲ್ಲಿ ಎಡಗಡೆ ಮಾತ್ರ ಚಿತ್ರದ ಮೇಲಕ್ಕೇ ಏರಿ ಕೂತಿದೆ. ಆ ದೋಣಿ, ಅಂದ ಇವನು, ಬಾಯಲ್ಲಿ ಹತ್ತಿಯಿಟ್ಟುಕೊಂಡೇ, ಆ ದೋಣೀಲಿ ಯಾರಿದಾರೆ. ಡಾಕ್ಟರು ಕೈಯಲ್ಲಿದ್ದ ಕೊಕ್ಕೆ ನಿಲ್ಲಿಸಿ, ನೀವು ಹಲ್ಲಿಗೆ ಬಂದಿಲ್ಲ ಅಲ್ವಾ, ಅಂದ, ಹತ್ತಿ ತೆಗೆದ, ಏನೋ ನೆನಪಾಗಿ ಮತ್ತೆ ಇಟ್ಟ, ಇರಲಿ, ಹುಳುಕಂತೂ ಇದೆ, ತುಂಬಿಬಿಡ್ತೀನಿ. ನಾಲಿಗೆ ಈಗಲೂ ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ಕೆಳಗೆ, ಎಡಗಡೆ, ಹಲ್ಲಪ್ಪ ತುಂಬಿದ್ದು ಇವತ್ತಿಗೂ ಅಲ್ಲಾಡಿಲ್ಲ, ಅಸಲು ಹಲ್ಲು ಎಲ್ಲಿ ಮುಗಿದು ತುಂಬಿದ್ದು ಎಲ್ಲಿ ಶುರು ಅಂತ ನಾಲಿಗೆಗೂ ತಿಳಿಯುವುದಿಲ್ಲ.

ಹೀಗೆ ಶುರುವಾದದ್ದು. ಆಮೇಲೆ ಭಾನುವಾರ ಭಾನುವಾರ, ರೋಗಿಗಳಿಲ್ಲದ ಕ್ಲಿನಿಕ್ಕು, ಔಷಧಿಯ ವಾಸನೆಯ ನಡುವೆ ಟೀ, ಹಲ್ಲು ನೋಡುವ ದೀಪದ ಕೆಳಗೆ ಹಳೇ ಹಾಳೆಗಳು, ಇವನ ಭೂತಗನ್ನಡಿ, ಅವನ ಇಕ್ಕಳ, ಅವನು ಇವನನ್ನು ಗಾಜಪ್ಪ ಅಂದ, ಇವನು ಅವನನ್ನು ಹಲ್ಲಪ್ಪ ಅಂದ, ಬಹುವಚನ ಯಾವಾಗ ಬಿದ್ದುಹೋಯಿತೋ ಇಬ್ಬರಿಗೂ ನೆನಪಿಲ್ಲ. ಇಡೀ ಊರಿನಲ್ಲಿ ಇದರ ಹುಚ್ಚು ಇದ್ದದ್ದು ಇಬ್ಬರಿಗೇ, ಕಾಗದವನ್ನು ಬೆಳಕಿಗೆ ಹಿಡಿದು ಒಳಗಿನ ನೀರಚ್ಚು ನೋಡಿ ಆಹಾ ಅನ್ನುವವರು ಇಬ್ಬರೇ, ಕಂದು ಚುಕ್ಕೆಯೊಂದು ದೊಡ್ಡದಾಯಿತೇ ಇಲ್ಲವೇ ಅಂತ ವಾರಗಟ್ಟಲೆ ಜಗಳವಾಡುವವರು ಇಬ್ಬರೇ. ಒಬ್ಬನಿದ್ದರೆ ಅದು ಹುಚ್ಚು, ಇಬ್ಬರಿದ್ದರೆ ಅದಕ್ಕೆ ಹವ್ಯಾಸ ಅನ್ನಬಹುದು, ಅಂದಿದ್ದ ಹಲ್ಲಪ್ಪ ಒಂದು ಸಲ, ಈಗ ಲೆಕ್ಕ ಮತ್ತೆ ಒಂದಕ್ಕೆ ಬಂದಿದೆ. ಎರಡನೆಯದೋ ಮೂರನೆಯದೋ ಭಾನುವಾರ, ಇವನಿಗೆ ಬಾಯಿ ಜಾಸ್ತಿ ಆಗ, ತನಗೆ ಗೊತ್ತಿರುವುದನ್ನೆಲ್ಲ ಒಂದೇ ಕೂಟಕ್ಕೆ ಬಡಿಸಿಬಿಡಬೇಕು ಅನ್ನುವ ಆತುರ — ಯಾರೋ ವಕೀಲರು ಇವನನ್ನು ಮನೆಗೆ ಕರೆದು ಹೆಮ್ಮೆಯಿಂದ ಒಂದು ಹಳೇ ಚಿತ್ರ ತೋರಿಸಿದ್ದರು, ನೋಡಿದರೆ ಅಂಚು ಕತ್ತರಿಸಿದ್ದು. ತಾಮ್ರದ ತಗಡನ್ನು ಒದ್ದೆ ಕಾಗದದ ಮೇಲೆ ಒತ್ತಿದಾಗ ತಗಡಿನ ಅಂಚು ಕಾಗದದಲ್ಲಿ ಒಂದು ತಗ್ಗು ಬಿಡುತ್ತದೆ, ಬೆರಳಿಟ್ಟರೆ ಸಿಗುತ್ತದೆ, ನಾಲ್ಕೂ ಕಡೆ ಆ ತಗ್ಗಿದ್ದರೆ ಹಾಳೆ ಪೂರ್ತಿ, ಯಾವನಾದರೂ ಚೌಕಟ್ಟಿಗೆ ಹಿಡಿಸಲಿ ಅಂತ ಒಂದು ಕಡೆ ಕತ್ತರಿ ಆಡಿಸಿದನೋ ಮುಗಿಯಿತು, ಅದಕ್ಕೆ ಮರ್ಯಾದೆಯಿಲ್ಲ. ಆ ವಕೀಲರನ್ನು ಅಣಕಿಸುತ್ತಾ ಇವನು ಹೇಳಿದ್ದ, ಅಂಚು ಕತ್ತರಿಸಿದ್ದನ್ನ ಗೋಡೆಗೆ ಹಾಕ್ಕೊಳ್ಳೋನು ಸಂಗ್ರಹ ಮಾಡೋನಲ್ಲ ಕಣಯ್ಯ, ರದ್ದಿ ಕೂಡಿಡೋನು, ಮೂಗು ಕೊಯ್ದ ಮುಖ ಮನೇಲಿಟ್ಟುಕೊಂಡು ಏನು ಮಾಡ್ತಾನೆ. ಹಲ್ಲಪ್ಪ ಟೀ ಲೋಟ ಕೆಳಗಿಟ್ಟು ನಕ್ಕಿದ್ದ. ಒಳ್ಳೆಯ ಮಾತು ಆಡಿದೆ ಎಂದು ಇವನಿಗೆ ಆವತ್ತು ಮನೆಗೆ ಬರುವ ದಾರಿಯುದ್ದಕ್ಕೂ ಖುಷಿ.

ನಿಲ್ದಾಣ ಬಂತು, ಇಳಿದ, ಗಂಟನ್ನು ಎದೆಗೆ ಒತ್ತಿಕೊಂಡು, ಯಾರೋ ಮೆಟ್ಟಿಲಿನಲ್ಲಿ ಕೈ ಕೊಟ್ಟರು, ನಿಧಾನ ನಿಧಾನ ಅಂದರು, ಮುಖ ನೋಡುವಷ್ಟರಲ್ಲಿ ಬಸ್ಸು ಹೊರಟಿತ್ತು. ರಸ್ತೆಯ ಕೊನೆಯಲ್ಲಿ ಅವನದೇ ಹಳೇ ಅಂಗಡಿ, ಈಗ ಅಲ್ಲಿ ಮೊಬೈಲ್ ರಿಪೇರಿ, ದೊಡ್ಡ ಕಣ್ಣಿನ ಚಿತ್ರವಿದ್ದ ಬೋರ್ಡು ತೆಗೆದ ಕಡೆ ಗೋಡೆಯ ಮೇಲೆ ಬಣ್ಣ ಮಾಸದ ಒಂದು ಚೌಕ ಉಳಿದಿದೆ. ಹಲ್ಲಪ್ಪನ ಮನೆಯ ಗೋಡೆಯ ಮೇಲೂ ಅಂಥದೇ ಚೌಕ ಇವತ್ತು, ಕ್ಲಿನಿಕ್ಕು ಮುಚ್ಚಿದಾಗ ಮನೆಗೆ ಬಂದಿದ್ದ ಚಿತ್ರವನ್ನು ಮಗಳು ಇಳಿಸಿದ ಮೇಲೆ. ಮಿಕ್ಕಿದ್ದೆಲ್ಲ ಮ್ಯೂಸಿಯಮ್ಮಿನವರು ತಗೊಂಡು ಹೋದ್ರು ಮಾಮ, ಇದೊಂದನ್ನ ಕೊಡಲಿಲ್ಲ, ಇದು ನಿಮ್ಮದು. ನನ್ನದು ಅಂತ ಅಪ್ಪ ಹೇಳಿದನಾ? ಹೇಳೋಕೆ ಎಲ್ಲಿ ಆಗ್ತಿತ್ತು, ಕೊನೇಲಿ ಮಾತು ಹೋಗಿತ್ತಲ್ಲ, ನೀವೇ ನೋಡಿದೀರಿ, ಇದನ್ನ ನೋಡೋರು, ನಿಮ್ಮ ಕುರ್ಚಿ ನೋಡೋರು, ಅಷ್ಟೇ, ನಾನೇ ತಿಳ್ಕೊಂಡೆ. ನಿಮ್ಮ ಕುರ್ಚಿ ಅಂದಳು, ಆ ಮನೆಯಲ್ಲಿ ತನಗೊಂದು ಕುರ್ಚಿಯಿತ್ತು ಅಂತ ಅವನಿಗೇ ಗೊತ್ತಿರಲಿಲ್ಲ, ಸಾಮಾನು ಸಾಗಿಸುವವರು ಅದನ್ನು ಮೆಟ್ಟಿಲಲ್ಲಿ ಇಳಿಸುತ್ತಿದ್ದರು, ಕಾಲು ಮೇಲಾಗಿ. ಬಾಗಿಲ ಬಳಿ ಅವಳು ಕನ್ನಡಕ ತೆಗೆದು ಒರೆಸಿಕೊಂಡಳು, ಬಂದು ಹೋಗ್ತಿರಿ ಅನ್ನೋಣ ಅಂದ್ರೆ ಮನೇನೇ ಇರಲ್ಲ ಮಾಮ, ಅಂದಳು. ಅವಳ ಕನ್ನಡಕದ ಎಡಗಡೆ ಕಡ್ಡಿ ಸ್ವಲ್ಪ ಸೊಟ್ಟಗಿತ್ತು, ಸರಿಮಾಡಿ ಕೊಡಬಹುದಿತ್ತು, ಎರಡು ನಿಮಿಷದ ಕೆಲಸ, ಎರಡೂ ಕೈಯಲ್ಲಿ ಗಂಟು ಇತ್ತು.

ಬೀಗ, ಚಿಲಕ, ಮುಚ್ಚಿದ ಮನೆಯ ವಾಸನೆ, ಹಳೇ ಕಾಗದದ್ದೇ ವಾಸನೆ ಈಗ ಅದು, ತನ್ನ ಬಟ್ಟೆಯಲ್ಲೂ ಇರಬೇಕು. ಗಂಟನ್ನು ಮೇಜಿನ ಮೇಲಿಟ್ಟ. ಫೋನು. ಅಕ್ಕ. ಸಿಕ್ತಾ ನಿನ್ನ ಅರ್ಧಾಂಗಿ, ಅಂತ ಕೇಳುತ್ತಾಳೆ, ಎಂಬತ್ತರ ಹತ್ತಿರ ಬಂದರೂ ತಮ್ಮನನ್ನು ರೇಗಿಸುವ ಚಟ ಬಿಟ್ಟಿಲ್ಲ, ಮದುವೆ ಆಗು ಆಗು ಅಂತ ಹೇಳಿ ಹೇಳಿ ಸೋತು ಕೊನೆಗೆ ಕಾಗದದ ಹೆಂಗಸಿಗೇ ನಾದಿನಿ ಅನ್ನತೊಡಗಿದವಳು. ಸಿಕ್ತು, ಇನ್ನೂ ಬಿಚ್ಚಿಲ್ಲ. ಅಷ್ಟು ವರ್ಷ ತಡಕೊಂಡಿದೀಯ, ಊಟ ಮಾಡಿ ಬಿಚ್ಚು. ಆಯ್ತು ಅಕ್ಕ. ಅವನು ಒಳ್ಳೆಯವನಿದ್ದ ಕಣೋ, ನನ್ನ ಹಲ್ಲಿನ ಸೆಟ್ಟು ಅವನು ಮಾಡಿದ್ದೇ, ಎಷ್ಟು ಚೆನ್ನಾಗಿ ಕೂತಿದೆ ಅಂದ್ರೆ ಹಾಕ್ಕೊಂಡಿದೀನಿ ಅನ್ನೋದೇ ಮರೆತುಹೋಗುತ್ತೆ. ಆಯ್ತು ಅಕ್ಕ, ಇಡ್ತೀನಿ. ಇಟ್ಟ. ಹಸಿವಿರಲಿಲ್ಲ. ಕಿಟಕಿಯಲ್ಲಿ ಇನ್ನೂ ಸಾಕಷ್ಟು ಬೆಳಕಿತ್ತು, ಓರೆಯಾದ ಬೆಳಕು, ಕಾಗದದ ತಗ್ಗು ಉಬ್ಬು ನೋಡಲು ಇದಕ್ಕಿಂತ ಒಳ್ಳೆಯ ಬೆಳಕಿಲ್ಲ, ಇದೂ ಹಲ್ಲಪ್ಪ ಹೇಳಿಕೊಟ್ಟದ್ದೇ, ನೇರ ದೀಪದಲ್ಲಿ ಹುಳುಕು ಕಾಣಲ್ಲ ಗಾಜಪ್ಪ, ಓರೆ ಹಿಡೀಬೇಕು.

ಮೂವತ್ತು ವರ್ಷ ಒಂದೇ ಜಗಳ. ಚೌಕಟ್ಟು ಬಿಚ್ಚು, ನನ್ನ ಹಾಳೆ ತಗೊಂಡು ಬರ್ತೀನಿ, ಎರಡನ್ನೂ ಕೂಡಿಸಿ ನೋಡೋಣ. ಬಿಚ್ಚಲ್ಲ, ನಿನ್ನದನ್ನ ತಂದು ಗಾಜಿನ ಪಕ್ಕ ಹಿಡಿ, ಸಾಕು. ಗಾಜಿನ ಪಕ್ಕ ಹಿಡಿದ್ರೆ ಏನು ಬಂತು, ಮೌಂಟಿನ ಕೆಳಗಿರೋದು ಕಾಣಬೇಕಲ್ಲ. ಕಾಣಬೇಕಾದ್ದು ಕಾಣ್ತಿದೆ. ಹಾಗಾದ್ರೆ ನನ್ನದೂ ಡ್ರಾಯರಿನಿಂದ ಆಚೆ ಬರಲ್ಲ. ಬೇಡ ಬಿಡು. ಬೇಡ ಬಿಡು. ಮಕ್ಕಳಾಟ, ಎರಡು ಬೋಳುತಲೆಗಳ ಮಕ್ಕಳಾಟ. ಹಲ್ಲಪ್ಪ ಈ ಮನೆಗೆ ಎಷ್ಟೋ ಸಲ ಬಂದಿದ್ದಾನೆ, ಇದೇ ಮೇಜಿಗೆ ಮೊಣಕೈ ಊರಿ ಕೂತಿದ್ದಾನೆ, ಡ್ರಾಯರು ಅವನ ಮೊಣಕಾಲಿಗೆ ತಾಗುತ್ತಿತ್ತು, ತೋರಿಸೋ ಅಂದಿದ್ದಾನೆ, ಮೊದಲು ನೀನು ಬಿಚ್ಚು ಅಂದಿದ್ದಾನೆ ಇವನು. ಆ ಹೆಂಗಸು ಹೇಗಿದ್ದಾಳೆ ಅಂತ ಬಾಯಲ್ಲಿ ಮಾತ್ರ ವರ್ಣಿಸುವುದು, ಬೇಕೆಂದೇ, ರೇಗಿಸಲು, ತೋಳಿನ ನೆರಳು ಎಷ್ಟು ಸಣ್ಣ ಗೆರೆ ಗೊತ್ತಾ, ಕಿರುಬೆರಳು ಸ್ವಲ್ಪ ಬಾಗಿದೆ ಗೊತ್ತಾ. ಹಲ್ಲಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ, ಆಮೇಲೆ ತನ್ನ ಸರದಿ ಬಂದಾಗ ಸುಳ್ಳು ಹೇಳುತ್ತಿದ್ದ. ದೋಣೀಲಿ ಯಾರಿದಾರೋ, ಈಗಲಾದ್ರೂ ಹೇಳು. ಒಂದು ಮೇಕೆ. ಮೇಕೆಗೆ ಯಾರಾದ್ರೂ ಹಾಗೆ ಕೈ ಚಾಚ್ತಾರಾ. ತಪ್ಪಿಸಿಕೊಂಡ ಮೇಕೆ ಆದ್ರೆ ಚಾಚ್ತಾರೆ. ಒಂದು ತಿಂಗಳು ಬಿಟ್ಟು ಕೇಳಿದರೆ, ಬುಟ್ಟಿ ಹಿಡಿದ ಮುದುಕಿ, ಅವಳ ಅತ್ತೆ, ಅದಕ್ಕೇ ನಿನ್ನವಳ ಮುಖ ಅಷ್ಟು ಬಿಗಿದಿರೋದು. ಇನ್ನೊಂದು ಸಲ, ಟೋಪಿ ಹಾಕಿದ ಗಂಡ, ಎಷ್ಟೋ ವರ್ಷದ ಮೇಲೆ ಬರ್ತಿದಾನೆ. ಇನ್ನೊಂದು ಸಲ, ಮಗು. ಸುಳ್ಳುಬುರುಕ. ಮಗು ಅಂದಾಗ ಮಾತ್ರ ನಗಲಿಲ್ಲ, ಹೆಂಡತಿ ತೀರಿಕೊಂಡ ವರ್ಷ ಅದು, ಮಗಳು ಹಾಸ್ಟೆಲಿನಲ್ಲಿದ್ದಳು, ಕ್ಲಿನಿಕ್ಕಿನ ದೀಪ ಆರಿಸಿ ಅವರಿಬ್ಬರೂ ಕೂತಿದ್ದರು, ಮಗು ಇದೆ ಕಣೋ ದೋಣೀಲಿ, ಅಂದ ಹಲ್ಲಪ್ಪ, ಇವನು ಸರಿ ಅಂದ. ಆವತ್ತು ನಂಬಿದ್ದ.

ಗಂಟಿನ ನಾಲ್ಕು ಮೂಲೆ ಬಿಚ್ಚಿದ, ನೀಲಿ ಚೌಕುಳಿಯ ಹೊದಿಕೆ, ಅದು ಆ ಮನೆಯ ಮಂಚದ್ದು, ಕೊನೆಯ ತಿಂಗಳುಗಳಲ್ಲಿ ಹಲ್ಲಪ್ಪನ ಎದೆಯವರೆಗೆ ಹೊದಿಸಿರುತ್ತಿದ್ದರು. ಮಡಚಿ ಕುರ್ಚಿಯ ಮೇಲಿಟ್ಟ. ಗಾಜಿನಲ್ಲಿ ಮೊದಲು ತನ್ನ ಮುಖ, ಆಮೇಲೆ ನದಿ. ಚೌಕಟ್ಟನ್ನು ಮೆತ್ತನೆ ಬಟ್ಟೆಯ ಮೇಲೆ ಬೋರಲು ಮಲಗಿಸಿದ, ಹಿಂದಿನ ರಟ್ಟಿಗೆ ಸುತ್ತ ಅಂಟಿಸಿದ ಕಾಗದದ ಪಟ್ಟಿ ಒಂದಲ್ಲ, ಒಂದರ ಮೇಲೊಂದು, ಕತ್ತರಿಸಿದ ಪಟ್ಟಿಯ ಮೇಲೆ ಹೊಸ ಪಟ್ಟಿ, ಅದರ ಮೇಲೆ ಇನ್ನೊಂದು, ಇದೇನು, ಬಿಚ್ಚಲ್ಲ ಬಿಚ್ಚಲ್ಲ ಅನ್ನುತ್ತಿದ್ದವನು ಎಷ್ಟು ಸಲ ಬಿಚ್ಚಿದ್ದಾನೆ, ಮೊಳೆಗಳ ತೂತು ಅಗಲವಾಗಿವೆ, ಹಲ್ಲು ಅಲ್ಲಾಡುವ ಹಾಗೆ ಅಲ್ಲಾಡುತ್ತವೆ, ಕನ್ನಡಕದ ತಿರುಪು ಬಿಚ್ಚುವ ಸಣ್ಣ ಸ್ಕ್ರೂಡ್ರೈವರು ತಾಗಿಸಿದರೆ ಸಾಕು ತಾವೇ ಬರುತ್ತಿವೆ. ಕಳ್ಳ. ನನಗೆ ತೋರಿಸದೆ ಒಬ್ಬನೇ ನೋಡಿಕೊಳ್ಳುತ್ತಿದ್ದ. ಸಿಟ್ಟು ಬಂತು, ಸತ್ತವನ ಮೇಲೆ ಸಿಟ್ಟು ಬರಬಾರದು, ಬಂತು. ಅದರ ಹಿಂದೆಯೇ ಆ ಫೋನು ನೆನಪಾಯಿತು — ಯಾವಾಗ ಅದು, ಕಾಯಿಲೆ ತಿಳಿದ ಮೇಲೆ, ಮಾತು ಹೋಗುವ ಮುಂಚೆ, ಕೈ ನಡುಗಲು ಶುರುವಾಗಿದೆ ಅಂತ ಒಂದು ಸಲ ಹೇಳಿದ್ದನಲ್ಲ ಅದರ ಆಚೀಚೆ, ಮಧ್ಯಾಹ್ನದ ಹೊತ್ತು, ಗಾಜಪ್ಪ, ಒಂದು ಕೇಳ್ತೀನಿ, ತಮಾಷೆ ಮಾಡಬೇಡ, ಅವಳ ಕೈ, ಚಿತ್ರದ ಕೆಳಗಿನ ಗೆರೆಯಿಂದ ಎಷ್ಟು ಎತ್ತರದಲ್ಲಿದೆ? ಯಾಕೆ? ಸುಮ್ಮನೆ, ಬೆರಳಿನ ಲೆಕ್ಕದಲ್ಲೇ ಹೇಳು, ನಾಲ್ಕು ಬೆರಳಾ, ಐದಾ? ಬಿಚ್ಚು, ಹೇಳ್ತೀನಿ, ಅಂದ ಇವನು, ನಗುತ್ತಾ, ಗೆದ್ದೆ ಎಂದುಕೊಂಡು, ಮೂವತ್ತು ವರ್ಷದ ಮೇಲೆ ಕೊನೆಗೂ ಸೋಲುತ್ತಿದ್ದಾನೆ ಎಂದುಕೊಂಡು. ಆ ಕಡೆ ಉಸಿರು ಕೇಳಿಸುತ್ತಿತ್ತು. ಅಳತೆ ಹೇಳು ಮಾರಾಯ. ಬಿಚ್ಚು. ಆಮೇಲೆ ಹಲ್ಲಪ್ಪನೂ ನಕ್ಕು, ಹಾಳಾಗಿ ಹೋಗು, ಅಂದು ಫೋನಿಟ್ಟ. ಆಮೇಲೆ ಆ ವಿಷಯ ಎತ್ತಲಿಲ್ಲ, ಆಸ್ಪತ್ರೆ, ಔಷಧಿ, ಮಗಳು, ಎತ್ತಲು ಹೊತ್ತೂ ಇರಲಿಲ್ಲ.

ಹಿಂದಿನ ರಟ್ಟು ತೆಗೆದ, ಚಿತ್ರವನ್ನೂ ಮೌಂಟನ್ನೂ ಜೊತೆಗೇ ಎತ್ತಿ ಮುಖ ಮೇಲೆ ಮಾಡಿದ, ಉಸಿರು ಹಿಡಿದು ಮೌಂಟು ಸರಿಸಿದ. ದೋಣಿಯ ಮುಂಭಾಗವಿದೆ. ದೋಣಿಯಲ್ಲಿ ಒಬ್ಬ ನಿಂತಿದ್ದಾನೆ, ಮುಖ ಆ ಕಡೆ ತಿರುಗಿದೆ, ಕೋಟಿನ ತೋಳು, ತೋಳಿನಿಂದ ಆಚೆ ಕೈ, ಚಾಚಿದೆ. ಓಹೋ, ಅಂದ ಗಟ್ಟಿಯಾಗಿಯೇ, ಮನುಷ್ಯನೇ, ಮೇಕೆ ಅಲ್ಲ ಮಣ್ಣಲ್ಲ, ಇಷ್ಟಕ್ಕೆ ಇಷ್ಟು ವರ್ಷ ಆಟವಾಡಿಸಿದೆಯಲ್ಲೋ. ಅಭ್ಯಾಸದಂತೆ ಬೆರಳು ತಾನೇ ಅಂಚಿಗೆ ಹೋಯಿತು, ತಗಡಿನ ತಗ್ಗು ಹುಡುಕಿಕೊಂಡು, ಮೇಲೆ ಇದೆ, ಬಲಕ್ಕೆ ಇದೆ, ಕೆಳಗೆ ಇದೆ, ಎಡಕ್ಕೆ — ಎಡಕ್ಕೆ ಇಲ್ಲ. ಮತ್ತೆ ತಡವಿದ. ನುಣುಪು. ಕಿಟಕಿಯ ಬಳಿಗೆ ಒಯ್ದು ಓರೆ ಹಿಡಿದ. ಕೂದಲೆಳೆಯಷ್ಟು ಒಂದು ನೇರ ಸಂದು, ಮೇಲಿನಿಂದ ಕೆಳಗಿನವರೆಗೆ, ಅಂಚಿನಿಂದ ಎರಡು ಬೆರಳು ಒಳಗೆ. ಭೂತಗನ್ನಡಿ. ಸಂದಿನ ಬಲಕ್ಕೆ ತಾಮ್ರದ ತಗಡಿನ ಗೆರೆ, ಮಸಿ ಕಾಗದದ ಮೇಲೆ ಉಬ್ಬಿ ನಿಂತಿದೆ, ಸಂದಿನ ಎಡಕ್ಕೆ ಮಸಿ ಉಬ್ಬಿಲ್ಲ, ಅದು ಲೇಖನಿಯ ಗೆರೆ. ಕತ್ತರಿಸಿದ ಹಾಳೆ. ಹಲ್ಲಪ್ಪ ಕೊಳ್ಳುವ ಮೊದಲೇ ಯಾವನೋ ಎರಡು ಬೆರಳಷ್ಟು ಕತ್ತರಿಸಿ ಎಸೆದಿದ್ದಾನೆ, ದೋಣಿಯ ಮುಂಭಾಗ ಹೋಗಿದೆ, ಅದರಲ್ಲಿದ್ದವರು ಹೋಗಿದ್ದಾರೆ, ಅದೇ ಬಣ್ಣದ ಹಳೇ ಕಾಗದದ ಪಟ್ಟಿಯೊಂದನ್ನು ಎಲ್ಲಿಂದಲೋ ಹುಡುಕಿ ತಂದು, ಅಂಚಿಗೆ ಅಂಚು ಸವೆಸಿ, ಹುಳುಕು ತುಂಬುವ ಕೈಯಿಂದ ಕೂಡಿಸಿ ತುಂಬಿದ್ದಾನೆ ಹಲ್ಲಪ್ಪ. ನಾಲಿಗೆ ಹಲ್ಲಿನ ಮೇಲೆ ಹೋಯಿತು. ಅವನಿಗೂ ಗೊತ್ತಿರಲಿಲ್ಲ. ದೋಣಿಯಲ್ಲಿ ಯಾರಿದ್ದರು ಅಂತ ಅವನಿಗೂ ಗೊತ್ತಿರಲಿಲ್ಲ.

ಪಟ್ಟಿ ತೆಳ್ಳಗಾಗಿದೆ, ಬೆಳಕಿಗೆ ಹಿಡಿದರೆ ಆಚೆ ಕಿಟಕಿಯ ಸರಳು ಕಾಣುತ್ತದೆ, ಅಳಿಸಿ ಅಳಿಸಿ ಮೇಲಿನ ಪದರವೇ ಎದ್ದುಹೋಗಿದೆ, ಹತ್ತಿಯ ನಾರು ಮೂಡಿದೆ. ಅಳಿಸಿದ್ದೂ ಪೂರ್ತಿ ಹೋಗಿಲ್ಲ. ಓರೆ ಬೆಳಕಿನಲ್ಲಿ ಪೆನ್ಸಿಲಿನ ಒತ್ತು ಒಂದೊಂದೇ ಕಾಣುತ್ತದೆ — ಇದು ಕೊಂಬು, ಎರಡು ಪುಟ್ಟ ಕೊಂಬು, 'ತಪ್ಪಿಸಿಕೊಂಡ ಮೇಕೆ', ಇದು ಬುಟ್ಟಿಯ ಹಿಡಿ, ಇದು ಟೋಪಿಯ ಅಂಚು, ಇದು, ಇಲ್ಲಿ, ಕೆಳಗೆ, ಬಹಳ ಚಿಕ್ಕದು, ದುಂಡು ತಲೆ, ಇದನ್ನು ಅಳಿಸುವಾಗ ಮೆಲ್ಲಗೆ ಅಳಿಸಿದ್ದಾನೆ. ಸುಳ್ಳು ಹೇಳುತ್ತಿರಲಿಲ್ಲ. ಆ ವಾರ ಏನು ಬರೆದಿದ್ದನೋ ಅದನ್ನೇ ಹೇಳುತ್ತಿದ್ದ. ಬರೆದು, ನೋಡಿ, ಅಲ್ಲ ಅನ್ನಿಸಿ, ಅಳಿಸಿ, ಮತ್ತೆ ಮೊಳೆ ಹೊಡೆದು, ಪಟ್ಟಿ ಅಂಟಿಸಿ, ಗೋಡೆಗೆ ಹಾಕಿ, ಭಾನುವಾರ ಏನೂ ಆಗದವನ ಹಾಗೆ ಟೀ ಕೊಡುತ್ತಿದ್ದ. ಕತ್ತರಿಸಿದ್ದು ಕಣೋ, ಅಂತ ಒಂದು ಮಾತು ಹೇಳಬಹುದಿತ್ತಲ್ಲ, ನನಗೆ, ನನಗೇ — ನನಗೇ ಹೇಗೆ ಹೇಳುತ್ತಾನೆ, ರದ್ದಿ ಕೂಡಿಡೋನು, ಮೂಗು ಕೊಯ್ದ ಮುಖ, ಅವನ ಕ್ಲಿನಿಕ್ಕಿನಲ್ಲಿ ಅವನ ಟೀ ಕುಡಿಯುತ್ತಾ ಅವನ ಮುಖಕ್ಕೇ ಹೇಳಿದ್ದು, ಆ ಚಿತ್ರ ಅವರಿಬ್ಬರ ತಲೆಯ ಮೇಲೆ ನೇತಾಡುತ್ತಿತ್ತು. ಲೋಟ ಕೆಳಗಿಟ್ಟು ನಕ್ಕಿದ್ದ. ಲೋಟ ಯಾಕೆ ಕೆಳಗಿಟ್ಟ ಅಂತ ಆವತ್ತು ಹೊಳೆಯಲಿಲ್ಲ. ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು, ಈ ವಯಸ್ಸಿನಲ್ಲಿ, ಒಬ್ಬನೇ ಇರುವ ಕೋಣೆಯಲ್ಲಿ. ಅಷ್ಟೂ ಭಾನುವಾರಗಳು ತಾನು ಮಾತಿಗೆ ಹೋಗುತ್ತಿದ್ದೆ ಎಂದುಕೊಂಡದ್ದು, ಅವನು ಪ್ರತಿ ಭಾನುವಾರ ಅಂಚು ಮುಚ್ಚಿಕೊಂಡು ಕೂರುತ್ತಿದ್ದ.

ಡ್ರಾಯರು ಎಳೆದ, ಬಿಗಿಯಾಗಿತ್ತು, ಇನ್ನೊಮ್ಮೆ ಎಳೆದ. ತೆಳುಕಾಗದ ಸರಿಸಿ ತನ್ನ ಹಾಳೆ ಎತ್ತಿದ, ನಾಲ್ಕೂ ಕಡೆ ತಗ್ಗಿರುವ ಪೂರ್ತಿ ಹಾಳೆ, ಇಷ್ಟು ವರ್ಷ ಬೆರಳಾಡಿಸಿ ಹೆಮ್ಮೆಪಟ್ಟ ಬಲಗಡೆಯ ಖಾಲಿ ಅಂಚು, ಈಗ ಎರಡೂ ಚಿತ್ರ ತಾಗಬೇಕಾದರೆ ಅದರ ಮೇಲೆ ಹಲ್ಲಪ್ಪನ ಹಾಳೆ ಹೊದಿಸಿ ಮುಚ್ಚಲೇಬೇಕು. ಮುಚ್ಚಿದ. ನಿಂತು, ಮತ್ತೆ ಸರಿಸಿದ. ದಡದ ನೀರಿಗೆ ಆಚೆಯ ನೀರು ಬಂದು ಸೇರಿತು, ಅಲೆಯ ಗೆರೆಗೆ ಅಲೆಯ ಗೆರೆ, ಮೋಡಕ್ಕೆ ಮೋಡ, ಆ ಪಟ್ಟಿಯ ಮೇಲೆ ಹಲ್ಲಪ್ಪ ತನ್ನ ಹಾಳೆಯ ಗೆರೆಗಳನ್ನೇ ನೇರಕ್ಕೆ ಎಳೆದು ಬರೆದ ನೀರು ಎರಡೂ ಕಡೆಯ ನೀರನ್ನು ಹಿಡಿದುಕೊಂಡಿದೆ, ಒಂದು ಗೆರೆ ತಪ್ಪಿಲ್ಲ, ನಡುಗುವ ಕೈಯಲ್ಲಿ ಹೇಗೆ ಬರೆದನೋ, ಕೊನೆಯ ಸಲ ಪೆನ್ಸಿಲಲ್ಲ, ಮಸಿ, ಇನ್ನು ಅಳಿಸುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಇಡೀ ನದಿ. ಮೊದಲ ಸಲ ಇಡೀ ನದಿ, ಅವನ ಮೇಜಿನ ಮೇಲೆ. ಕಟ್ಟೆಯ ತುದಿಯಲ್ಲಿ ಅವಳು ಬಾಗಿದ್ದಾಳೆ, ದೋಣಿಯಲ್ಲಿ ಅವನು ನಿಂತಿದ್ದಾನೆ, ಅವಳು ಕೈ ಚಾಚಿದ್ದಾಳೆ, ಅವನೂ ಚಾಚಿದ್ದಾನೆ, ಕಿರುಬೆರಳು ಕೂಡ ಇವನು ಹೇಳಿದ ಹಾಗೆಯೇ ಸ್ವಲ್ಪ ಬಾಗಿಸಿದ್ದಾನೆ ಹಲ್ಲಪ್ಪ, ಜೊತೆಯಾಗಲಿ ಅಂತ — ಅವಳ ಕೈ ಮೇಲಿದೆ. ಅವನ ಕೈ ಕೆಳಗಿದೆ. ನಡುವೆ ಒಂದು ಬೆರಳು.

ಹಲ್ಲಪ್ಪನ ಹಾಳೆಯನ್ನು ಒಂದು ಬೆರಳು ಮೇಲಕ್ಕೆ ಸರಿಸಿದ, ಕೈಗೆ ಕೈ ಸಿಕ್ಕಿತು, ನದಿ ಮುರಿಯಿತು, ನೀರು ಮೆಟ್ಟಿಲಾಯಿತು, ಆಚೆ ದಡ ಎದ್ದು ಗಾಳಿಯಲ್ಲಿ ನಿಂತಿತು. ಇಳಿಸಿದ, ನದಿ ಕೂಡಿತು, ಕೈ ತಪ್ಪಿತು. ಮತ್ತೆ ಮೇಲಕ್ಕೆ. ಮತ್ತೆ ಕೆಳಕ್ಕೆ. ಬೆಳಕು ಹೋಗುತ್ತಿದೆ, ದೀಪ ಹಾಕಬೇಕು, ಹಾಕಲಿಲ್ಲ, ಕೆಳಗಿನ ಗೆರೆಯ ಮೇಲೆ ಕಿರುಬೆರಳಿಟ್ಟು ಅದರ ಮೇಲೆ ಒಂದೊಂದೇ ಬೆರಳು ಅಡ್ಡ ಇಟ್ಟು ಅಳೆದ, ಅವಳ ಕೈಯವರೆಗೆ, ಐದು, ಹೆಬ್ಬೆರಳೂ ಸೇರಿ ಸರಿಯಾಗಿ ಐದು, ಐದು ಬೆರಳು ಕಣೋ, ಅಂದ, ಕೋಣೆಗೆ, ಕುರ್ಚಿಯ ಮೇಲೆ ಮಡಚಿಟ್ಟ ನೀಲಿ ಹೊದಿಕೆಗೆ, ನಾಲ್ಕಲ್ಲ, ಐದು, ಕೇಳಿಸ್ತಾ, ಐದು, ಬರೀ ಒಂದು ಮಾತು, ಹೇಳಲು ಒಂದು ಉಸಿರು ಸಾಕಿತ್ತು, ಅಳತೆ ಹೇಳು ಮಾರಾಯ, ಬಿಚ್ಚು ಹೇಳ್ತೀನಿ, ಅಳತೆ ಹೇಳು — ನೀರಿಗೆ ನೀರು ಸೇರಿದೆ, ಮೋಡಕ್ಕೆ ಮೋಡ, ಮೇಲೊಂದು ಕೈ, ಕೆಳಗೊಂದು ಕೈ, ಎರಡೂ ಚಾಚಿಕೊಂಡೇ ಇವೆ, ಮೇಲೊಂದು ಕೈ, ಕೆಳಗೊಂದು ಕೈ, ನಡುವೆ ಒಂದು ಬೆರಳು